ದುಬೈನ ಒಂದು ಟೈಪಿಂಗ್ ಸೆಂಟರ್: ಮೂವರು ಕೆಲಸಗಾರರಿಗೆ ವೀಸಾ ಮಾಡಿಸಿದ ಅನುಭವ

ದುಬೈನ ಕರಾಮಾದಲ್ಲಿ ನಾನು ನಡೆಸುತ್ತಿರುವ ಸಣ್ಣ ಸಸ್ಯಾಹಾರಿ ಹೋಟೆಲಿನಲ್ಲಿ ಹನ್ನೊಂದು ಮಂದಿ ಕೆಲಸಗಾರರಿದ್ದಾರೆ. ಕಳೆದ ವರ್ಷ ಒಬ್ಬ ದೋಸೆ ಭಟ್ಟ, ಒಬ್ಬ ಸಪ್ಲೈಯರ್ ಹಾಗೂ ಒಬ್ಬ ಕ್ಲೀನರ್ ಹೀಗೆ ಮೂವರನ್ನು ಒಟ್ಟಿಗೇ ತೆಗೆದುಕೊಳ್ಳಬೇಕಾಗಿ ಬಂದಾಗ, ಪರಿಚಯದವರೊಬ್ಬರು ಹೇಳಿದರೆಂದು ನಮ್ಮ ಬಡಾವಣೆಯ ಒಂದು ಟೈಪಿಂಗ್ ಸೆಂಟರಿಗೆ ಇಡೀ ಕೆಲಸವನ್ನು ಒಪ್ಪಿಸಿದೆ. ಊರಿನಿಂದ ಜನರನ್ನು ಕರೆಸಿಕೊಳ್ಳುವ ನಮ್ಮವರು ಇಲ್ಲಿ ಸಾಕಷ್ಟು ಮಂದಿ ಇರುವುದರಿಂದ ಆ ಕೇಂದ್ರದ ಸೇವೆ ಹೇಗಿತ್ತೆಂದು ಬರೆಯುತ್ತಿದ್ದೇನೆ. ಕೇಂದ್ರದ ಹೆಸರನ್ನು ಬೇಕೆಂದೇ ಬಿಟ್ಟಿದ್ದೇನೆ. ಮುಂದೆ ಹೇಳಲಿರುವ ಕೊರತೆಗಳು ಆ ಒಂದು ಅಂಗಡಿಗೆ ಮಾತ್ರ ಸೇರಿದವಲ್ಲ, ಮತ್ತು ಅಲ್ಲಿ ಕೌಂಟರಿನ ಹಿಂದೆ ಕೂರುವ ಹುಡುಗರೂ ಯಾರದೋ ವೀಸಾದ ಮೇಲೆ ಬಂದವರೇ.

ಗಲ್ಫಿನ ಹೊರಗಿರುವ ಓದುಗರಿಗಾಗಿ ಒಂದು ಮಾತು. ಟೈಪಿಂಗ್ ಸೆಂಟರ್ ಎಂದರೆ ಅರೇಬಿಕ್ ಅರ್ಜಿಗಳನ್ನು ಟೈಪು ಮಾಡಿಕೊಡುವ ಅಂಗಡಿ ಎಂಬುದು ಹಳೆಯ ಅರ್ಥ. ಈಗ ಅವು ಕಾರ್ಮಿಕ ಸಚಿವಾಲಯದ ಕೆಲಸಕ್ಕೆ ತಸ್‌ಹೀಲ್ ಕೇಂದ್ರಕ್ಕೂ ವಲಸೆ ಇಲಾಖೆಯ ಕೆಲಸಕ್ಕೆ ಆಮರ್ ಕೇಂದ್ರಕ್ಕೂ ನಮ್ಮ ಪರವಾಗಿ ಎಡತಾಕುವ ಮಧ್ಯವರ್ತಿಗಳು. ದೊಡ್ಡ ಕಂಪನಿಗಳಲ್ಲಿ ಈ ಕೆಲಸಕ್ಕೆಂದೇ ಪಿಆರ್‌ಒ ಇರುತ್ತಾನೆ. ಹಳಬರ ಬಾಯಲ್ಲಿ ಅವನು ಮಂದೂಬ್. ನಮ್ಮಂಥ ಸಣ್ಣವರಿಗೆ ಟೈಪಿಂಗ್ ಸೆಂಟರೇ ಮಂದೂಬ್.

ಮೊದಲು ಒಳ್ಳೆಯದನ್ನೇ ಹೇಳುತ್ತೇನೆ. ಕೆಲಸದ ವೇಗದಲ್ಲಿ ಈ ಕೇಂದ್ರಕ್ಕೆ ಹೆಸರಿಡುವಂತಿಲ್ಲ. ಕೋಟಾ ಮಂಜೂರಾತಿ (ಇಷ್ಟು ಮಂದಿಯನ್ನು ತೆಗೆದುಕೊಳ್ಳಬಹುದೆಂಬ ಒಪ್ಪಿಗೆ), ಆಫರ್ ಲೆಟರ್, ವರ್ಕ್ ಪರ್ಮಿಟ್ಟಿನ ಪ್ರಾಥಮಿಕ ಒಪ್ಪಿಗೆ, ಕಾರ್ಮಿಕರ ವಿಮೆ, ಎಂಟ್ರಿ ಪರ್ಮಿಟ್ ಎಂಬ ಸರಪಳಿಯಲ್ಲಿ ಎಲ್ಲಿಯೂ ಅರ್ಜಿ ತಿರಸ್ಕೃತವಾಗಿ ಹಿಂದಿರುಗಲಿಲ್ಲ. ಹೆಸರಿನ ಅಕ್ಷರಗಳನ್ನು ಪಾಸ್‌ಪೋರ್ಟಿನೊಂದಿಗೆ ಎರಡೆರಡು ಸಲ ಹೋಲಿಸಿ ನೋಡುವ ಶಿಸ್ತು ಅವರಲ್ಲಿದೆ. ಪ್ರತಿ ಕೆಲಸಗಾರನ ಹೆಸರಿನಲ್ಲಿ 3,000 ದಿರ್ಹಾಂ ಬ್ಯಾಂಕ್ ಗ್ಯಾರಂಟಿ ಇಡುವ ಬದಲು ವಿಮೆ ಮಾಡಿಸಬಹುದು ಎಂಬುದನ್ನು ನಾನು ಕೇಳುವ ಮೊದಲೇ ತಿಳಿಸಿದರು. ಸಣ್ಣ ಹೋಟೆಲಿಗೆ ಅಷ್ಟು ಹಣ ಕಟ್ಟಿಬೀಳದೆ ಉಳಿಯುವುದು ದೊಡ್ಡ ಮಾತು. ಆಹಾರ ಮುಟ್ಟುವ ಕೆಲಸಗಾರರಿಗೆ ವೀಸಾದ ವೈದ್ಯಕೀಯ ಪರೀಕ್ಷೆಯ ಜೊತೆಗೆ ಬೇರೆಯಾಗಿ ಆಕ್ಯುಪೇಷನಲ್ ಹೆಲ್ತ್ ಕಾರ್ಡ್ ಬೇಕು ಎಂಬುದನ್ನೂ ನೆನಪಿಸಿ, ರಕ್ತ ಪರೀಕ್ಷೆ ಹಾಗೂ ಎದೆಯ ಎಕ್ಸ್‌ರೇಗೆ ಸಮಯ ಗೊತ್ತುಮಾಡಿಕೊಟ್ಟರು. ಕೆಲಸ ಹೋದರೆ ಸಿಗುವ ನಿರುದ್ಯೋಗ ವಿಮೆಯನ್ನು ಕೂಡ ಮರೆಯಲಿಲ್ಲ. ಮೂಲ ವೇತನ 16,000 ದಿರ್ಹಾಂ ಮೀರದವರಿಗೆ ಅದರ ಕಂತು ತಿಂಗಳಿಗೆ 5 ದಿರ್ಹಾಂ. ಇದು ಕೆಲಸಗಾರನೇ ಭರಿಸಬೇಕಾದ ವೆಚ್ಚ, ಮಾಡಿಸದಿದ್ದರೆ 400 ದಿರ್ಹಾಂ ದಂಡ ಬೀಳುವುದೂ ಅವನಿಗೇ. ಎರಡು ವರ್ಷಕ್ಕೆ 120 ದಿರ್ಹಾಂ ಎಂಬ ಲೆಕ್ಕ ನೋಡಿ ಅದನ್ನೂ ನಾನೇ ಕಟ್ಟಿದೆ.

ಇಷ್ಟು ಚುರುಕಾಗಿ ಕೆಲಸ ಮಾಡುವವರು ಆಫರ್ ಲೆಟರಿನಲ್ಲಿ ಹೇಗೆ ಎಡವಿದರು ಎಂಬುದನ್ನು ಸ್ವಲ್ಪ ವಿಸ್ತಾರವಾಗಿಯೇ ಹೇಳಬೇಕು, ಏಕೆಂದರೆ ಉಳಿದೆಲ್ಲ ಕಾಗದಗಳಿಗೂ ಅದೇ ಬುನಾದಿ. ಇಲ್ಲಿನ ನಿಯಮದ ಪ್ರಕಾರ ಕೆಲಸಗಾರ ಸಹಿ ಹಾಕಿದ ಆಫರ್ ಲೆಟರಿನಲ್ಲಿರುವ ಸಂಬಳ ಸವಲತ್ತುಗಳಿಗಿಂತ ಕಡಿಮೆಯನ್ನು ಆಮೇಲೆ ಕರಾರಿನಲ್ಲಿ ಬರೆಯುವಂತಿಲ್ಲ. ನಾನು ದೋಸೆ ಭಟ್ಟನಿಗೆ ಊಟ ವಸತಿಯ ಮೇಲೆ ಒಟ್ಟು 2,400 ದಿರ್ಹಾಂ ಎಂದು ಬಾಯಿಮಾತಿನಲ್ಲಿ ಒಪ್ಪಿಕೊಂಡಿದ್ದೆ. ಕೇಂದ್ರದವರಿಗೂ ಅಷ್ಟನ್ನೇ ಹೇಳಿದ್ದೆ. ಕರಡು ಬಂದಾಗ ಅದರಲ್ಲಿ ಮೂಲ ವೇತನ 1,000, ಇತರ ಭತ್ಯೆ 1,400 ಎಂದಿತ್ತು. ಹೀಗೇಕೆ ಎಂದು ಕೇಳಿದ್ದಕ್ಕೆ ಎಲ್ಲರೂ ಹೀಗೇ ಮಾಡಿಸುತ್ತಾರೆ, ಒಟ್ಟು ಮೊತ್ತ ಒಂದೇ ಅಲ್ಲವೇ ಎಂಬ ಉತ್ತರ ಬಂತು.

ಒಟ್ಟು ಒಂದೇ ಇರಬಹುದು, ಆದರೆ ಕೆಲಸಗಾರ ಕೊನೆಯಲ್ಲಿ ಕೈಗೆ ತೆಗೆದುಕೊಂಡು ಹೋಗುವ ಗ್ರಾಚ್ಯುಟಿಯ ಲೆಕ್ಕ ನಡೆಯುವುದು ಮೂಲ ವೇತನದ ಮೇಲೆ. ಮೊದಲ ಐದು ವರ್ಷಗಳಲ್ಲಿ ವರ್ಷಕ್ಕೆ 21 ದಿನಗಳ ಮೂಲ ವೇತನ, ಅನಂತರದ ವರ್ಷಗಳಿಗೆ 30 ದಿನಗಳದ್ದು ಎಂಬುದು ಯುಎಇಯ 2021ರ 33ನೇ ಸಂಖ್ಯೆಯ ಕಾರ್ಮಿಕ ಕಾನೂನಿನ ಲೆಕ್ಕ. ಮೂಲ ವೇತನ 1,000 ಎಂದಾದರೆ ವರ್ಷಕ್ಕೆ 700 ದಿರ್ಹಾಂ, ಐದು ವರ್ಷಕ್ಕೆ 3,500. ಅದೇ 1,800 ಎಂದು ಬರೆದರೆ ವರ್ಷಕ್ಕೆ 1,260, ಐದು ವರ್ಷಕ್ಕೆ 6,300. ಕೌಂಟರಿನ ಹುಡುಗ ಯೋಚಿಸದೆ ಒತ್ತಿದ ಎರಡು ಅಂಕಿಗಳಿಂದ ಒಬ್ಬ ಮನುಷ್ಯನ 2,800 ದಿರ್ಹಾಂ ಹೋಗುತ್ತಿತ್ತು. ಓವರ್‌ಟೈಮಿಗೆ ಸಿಗುವ ಶೇ. 25ರ ಹೆಚ್ಚುವರಿಗೂ, ರಾತ್ರಿ 10ರಿಂದ ಬೆಳಗಿನ 4ರ ನಡುವಿನ ದುಡಿಮೆಗೆ ಸಿಗುವ ಶೇ. 50ರ ಹೆಚ್ಚುವರಿಗೂ ಆಧಾರ ಅದೇ ಮೂಲ ವೇತನ. ಹನ್ನೊಂದೂವರೆಗೆ ಬಾಗಿಲು ಹಾಕುವ ಹೋಟೆಲಿನಲ್ಲಿ ಇದು ಕಾಗದದ ಮೇಲಿನ ಮಾತಲ್ಲ. ನಾನು 1,800 ಮತ್ತು 600 ಎಂದು ತಿದ್ದಿಸಿದೆ. ತಿದ್ದಿದ್ದಕ್ಕೆ ಹೆಚ್ಚಿನ ಶುಲ್ಕ ಕೇಳಲಿಲ್ಲ ಎಂಬುದನ್ನೂ ಹೇಳಬೇಕು.

ಸಹಿಯ ದಿನದ ಸಂಗತಿ ನನಗೆ ಇನ್ನೂ ಮರೆತಿಲ್ಲ. ಕ್ಲೀನರ್ ಕೆಲಸಕ್ಕೆ ಬಂದವನು ನೇಪಾಳದವನು. ಈಗಾಗಲೇ ದುಬೈನಲ್ಲೇ ಇದ್ದು ಬೇರೆ ಕಂಪನಿಯಿಂದ ನಮ್ಮಲ್ಲಿಗೆ ವರ್ಗವಾಗುತ್ತಿದ್ದ. ಸಚಿವಾಲಯವು ಆಫರ್ ಲೆಟರನ್ನು ಅರೇಬಿಕ್ ಮತ್ತು ಇಂಗ್ಲಿಷಿನ ಜೊತೆಗೆ ಕೆಲಸಗಾರನಿಗೆ ತಿಳಿಯುವ ಮೂರನೆಯ ಭಾಷೆಯಲ್ಲಿ ಕೊಡುವ ವ್ಯವಸ್ಥೆ ಮಾಡಿದೆ. ಬಂಗಾಳಿ, ಚೀನಿ, ದರಿ, ಹಿಂದಿ, ಮಲಯಾಳಂ, ನೇಪಾಳಿ, ಸಿಂಹಳ, ತಮಿಳು, ಉರ್ದು ಆ ಪಟ್ಟಿಯಲ್ಲಿವೆ. ನೇಪಾಳದ ಹುಡುಗ ತನ್ನ ಭಾಷೆಯ ಪ್ರತಿಯನ್ನು ಕಿಟಕಿಯ ಬಳಿ ಒಯ್ದು, ಸಾಲಿನಡಿ ಬೆರಳಿಟ್ಟುಕೊಂಡು ಕೊನೆಯವರೆಗೆ ಓದಿ, ವಾರದ ರಜೆ ಯಾವ ದಿನ, ಅದಕ್ಕೆ ಸಂಬಳ ಇದೆಯೇ ಎಂದು ಎರಡು ಪ್ರಶ್ನೆ ಕೇಳಿ ಆಮೇಲೆ ಸಹಿ ಹಾಕಿದ. ದೋಸೆ ಭಟ್ಟ ಕುಂದಾಪುರ ತಾಲ್ಲೂಕಿನವನು, ಕನ್ನಡ ಶಾಲೆಯಲ್ಲಿ ಎಂಟನೆಯ ತರಗತಿಯವರೆಗೆ ಓದಿದವನು. ಆಗ ಇನ್ನೂ ಊರಿನಲ್ಲಿದ್ದ ಅವನಿಗೆ ಕೇಂದ್ರದವರು ವಾಟ್ಸ್‌ಆ್ಯಪಿನಲ್ಲಿ ಹಿಂದಿ ಪ್ರತಿಯನ್ನು ಕಳಿಸಿ, ಸಹಿ ಹಾಕಿ ಫೋಟೋ ತೆಗೆದು ಕಳಿಸು ಎಂದರು. ಹತ್ತು ನಿಮಿಷದಲ್ಲಿ ಸಹಿಯೂ ಬಂತು. ಅದರ ಹಿಂದೆಯೇ ನನಗೆ ಅವನ ಫೋನು: "ಇದ್ರಗೆ ಎಂತ ಬರ್ದಿತ್, ಅಣ್ಣ?"

ಪಟ್ಟಿಯಲ್ಲಿ ಕನ್ನಡವಿಲ್ಲದಿರುವುದು ಕೇಂದ್ರದ ತಪ್ಪಲ್ಲ. ಕರಾವಳಿಯಿಂದ ಐವತ್ತು ವರ್ಷಗಳಿಂದ ಜನ ಇಲ್ಲಿಗೆ ಬರುತ್ತಿದ್ದರೂ ಆ ಪಟ್ಟಿಗೆ ಕನ್ನಡವೂ ಸೇರಲಿ ಎಂದು ಒತ್ತಾಯಿಸುವ ಕೆಲಸ ನಮ್ಮಿಂದಲೇ ಆಗಬೇಕಾಗಿತ್ತೇನೋ. ಆದರೆ ಓದಲು ಬಾರದ ಕಾಗದಕ್ಕೆ ಸಹಿ ತರಿಸಿಕೊಂಡು, ಆಯಿತು ಎಂದು ಗುರುತು ಹಾಕಿಬಿಡುವುದು ಕೇಂದ್ರದ ತಪ್ಪು. ಅದನ್ನು ಮೊದಲೇ ಗಮನಿಸದಿದ್ದುದು ನನ್ನ ತಪ್ಪು. ಸಹಿಯನ್ನು ರದ್ದು ಮಾಡಿಸಿ, ಒಂದು ಸಂಜೆ ಕುಳಿತು ಆ ಕರಾರಿನ ಮುಖ್ಯ ಅಂಶಗಳನ್ನು ಎರಡು ಪುಟ ಕನ್ನಡದಲ್ಲಿ ಕೈಯಲ್ಲೇ ಬರೆದು ಅವನಿಗೂ ಬೆಳ್ತಂಗಡಿಯ ಸಪ್ಲೈಯರ್ ಹುಡುಗನಿಗೂ ಕಳಿಸಿದೆ. ದಿನಕ್ಕೆ 8 ಗಂಟೆ, ವಾರಕ್ಕೆ 48 ಗಂಟೆಗಿಂತ ಹೆಚ್ಚಿಲ್ಲ. ಪ್ರೊಬೇಷನ್ 6 ತಿಂಗಳು ಮೀರುವಂತಿಲ್ಲ. ವರ್ಷ ತುಂಬಿದ ಮೇಲೆ 30 ದಿನ ಸಂಬಳಸಹಿತ ರಜೆ. ಕೆಲಸ ಬಿಟ್ಟ 14 ದಿನಗಳೊಳಗೆ ಬಾಕಿ ಎಲ್ಲವೂ ಕೈಸೇರಬೇಕು. ಪಾಸ್‌ಪೋರ್ಟ್ ನಿನ್ನದು, ನಿನ್ನ ಬಳಿಯೇ ಇರಬೇಕು. ಕರೆಸಿಕೊಂಡ ಖರ್ಚಿನ ಒಂದು ಕಾಸೂ ನಿನ್ನದಲ್ಲ. ಎರಡು ದಿನ ಬಿಟ್ಟು ಬಂದ ಫೋನಿನಲ್ಲಿ ಭಟ್ಟನೂ ಪ್ರಶ್ನೆ ಕೇಳಿದ, ಮೂರು. ಅದರಲ್ಲಿ ಒಂದಕ್ಕೆ ನನ್ನ ಬಳಿ ಉತ್ತರವಿರಲಿಲ್ಲ, ಹುಡುಕಿ ಹೇಳಬೇಕಾಯಿತು.

ಖರ್ಚಿನ ವಿಷಯಕ್ಕೆ ಬಂದರೆ ಕೇಂದ್ರದ ಬಗ್ಗೆ ನನ್ನ ಅಸಮಾಧಾನ ಅಲ್ಲಿಯೇ ಹೆಚ್ಚು. ಬಿಲ್ಲಿನ ಜೊತೆಗೆ ಅವರು ಒಂದು ಹಾಳೆಯನ್ನು ಉಚಿತವಾಗಿ ಕೊಟ್ಟರು: ಎರಡು ವರ್ಷದೊಳಗೆ ಕೆಲಸ ಬಿಟ್ಟರೆ ವೀಸಾದ ಪೂರ್ತಿ ವೆಚ್ಚವನ್ನು ಕೊಡುತ್ತೇನೆ ಎಂದು ಕೆಲಸಗಾರ ಬರೆದುಕೊಡುವ ಮುಚ್ಚಳಿಕೆ. ಬೇಡವೆಂದಾಗ ಇನ್ನೊಂದು ದಾರಿ ತೋರಿಸಿದರು. ತಿಂಗಳ ಸಂಬಳವನ್ನು ಪೂರ್ತಿಯಾಗಿ ಬ್ಯಾಂಕಿನ ಮೂಲಕ ಹಾಕಿ, ಇನ್ನೂರು ದಿರ್ಹಾಮನ್ನು ನಗದಾಗಿ ವಾಪಸು ಪಡೆಯಿರಿ, ದಾಖಲೆಯಲ್ಲಿ ಎಲ್ಲವೂ ಸರಿಯಾಗಿರುತ್ತದೆ ಎಂದರು. ಇವೆರಡನ್ನೂ ಹೇಳಿದ ಧಾಟಿಯಲ್ಲಿ ಕಳ್ಳತನದ ಛಾಯೆಯೇ ಇರಲಿಲ್ಲ. ಗಿರಾಕಿಗೆ ರಿಯಾಯಿತಿ ವಿವರಿಸುವ ದನಿಯಲ್ಲೇ ಹೇಳಿದರು. ಆದರೆ ನೇಮಕಾತಿಯ ವೆಚ್ಚವನ್ನು ನೇರವಾಗಿಯಾಗಲಿ ಬಳಸುದಾರಿಯಿಂದಾಗಲಿ ಕೆಲಸಗಾರನಿಂದ ವಸೂಲು ಮಾಡಬಾರದು ಎಂದು ಮೇಲೆ ಹೇಳಿದ ಕಾರ್ಮಿಕ ಕಾನೂನಿನ 6ನೇ ವಿಧಿ ಹೇಳುತ್ತದೆ. ಮಾಲೀಕನಿಗೆ ಆಗುವ ನಷ್ಟಕ್ಕೂ ಕಾನೂನಿನಲ್ಲಿ ಒಂದು ದಾರಿ ಇದೆ. ಪ್ರೊಬೇಷನ್ ಅವಧಿಯಲ್ಲಿ ಕೆಲಸಗಾರ ಇಲ್ಲಿಯೇ ಬೇರೆ ಕಡೆ ಸೇರುವುದಾದರೆ ಒಂದು ತಿಂಗಳ ನೋಟಿಸು ಕೊಡಬೇಕು, ಮತ್ತು ನೇಮಕಾತಿಯ ವೆಚ್ಚವನ್ನು ಹೊಸ ಮಾಲೀಕ ಹಳೆಯ ಮಾಲೀಕನಿಗೆ ತುಂಬಿಕೊಡಬೇಕು. ಈ ಲೆಕ್ಕ ನಡೆಯಬೇಕಾದದ್ದು ಎರಡು ಗಲ್ಲಾಗಳ ನಡುವೆ. ದಿನವೂ ಇದೇ ಕಾನೂನಿನಡಿ ಹತ್ತಾರು ಅರ್ಜಿ ಟೈಪು ಮಾಡುವವರಿಗೆ ಇದು ತಿಳಿಯದೆ ಇರಲಾರದು.

ವೇತನ ಸಂರಕ್ಷಣಾ ವ್ಯವಸ್ಥೆ, ಅಂದರೆ ಇಲ್ಲಿ ಎಲ್ಲರೂ ಡಬ್ಲ್ಯುಪಿಎಸ್ ಎನ್ನುವುದು, 2009ರಲ್ಲಿ ಬಂದದ್ದೇ ಸಂಬಳ ಹೇಳಿದ ದಿನಕ್ಕೆ, ಹೇಳಿದಷ್ಟು ಸೇರುತ್ತಿದೆಯೇ ಎಂದು ಸರ್ಕಾರಕ್ಕೆ ಕಾಣಿಸಲೆಂದು. ಅದಕ್ಕೆ ಬೇಕಾದ ಸಿಫ್ ಫೈಲನ್ನು, ಅಂದರೆ ಸಂಬಳದ ವಿವರದ ಕಡತವನ್ನು, ತಿಂಗಳು ತಿಂಗಳು ತಯಾರಿಸಿಕೊಡುವ ಸೇವೆಯನ್ನೂ ಈ ಕೇಂದ್ರ ನೀಡುತ್ತದೆ. ಆ ಸೇವೆ ಚೆನ್ನಾಗಿಯೇ ಇದೆ, ನಾನು ಇಂದಿಗೂ ಬಳಸುತ್ತಿದ್ದೇನೆ. ಅದನ್ನು ಮಾಡಿಕೊಡುವ ಕೈಯೇ ಅದರಿಂದ ನುಣುಚಿಕೊಳ್ಳುವ ದಾರಿಯನ್ನೂ ಹೇಳಿಕೊಡುವುದು ನನಗೆ ಕಸಿವಿಸಿ.

ಊರಿನ ಕಡೆಯ ನಿಯಮಗಳಲ್ಲಿ ಕೇಂದ್ರದ ತಿಳಿವಳಿಕೆ ತೀರ ಕಡಿಮೆ. ಹತ್ತನೆಯ ತರಗತಿ ಪಾಸಾಗದವರ ಭಾರತೀಯ ಪಾಸ್‌ಪೋರ್ಟು ಸಾಮಾನ್ಯವಾಗಿ ಇಸಿಆರ್ (ಎಮಿಗ್ರೇಷನ್ ಚೆಕ್ ರಿಕ್ವೈರ್ಡ್, ಅಂದರೆ ವಲಸೆ ತಪಾಸಣೆ ಬೇಕಾದ) ವರ್ಗದ್ದು. ಅಂಥವರು ಯುಎಇಯೂ ಸೇರಿದಂತೆ ಗೊತ್ತುಪಡಿಸಿದ ದೇಶಗಳಿಗೆ ಕೆಲಸದ ವೀಸಾದ ಮೇಲೆ ಹೊರಡಬೇಕಾದರೆ 1983ರ ವಲಸೆ ಕಾಯ್ದೆಯಡಿ ವಲಸೆ ಅನುಮತಿ ಪಡೆಯಬೇಕು. ಇದಕ್ಕೆ ವಿದೇಶದ ಮಾಲೀಕ ಭಾರತ ಸರ್ಕಾರದ ಇ-ಮೈಗ್ರೇಟ್ ಎಂಬ ಆನ್‌ಲೈನ್ ವ್ಯವಸ್ಥೆಯಲ್ಲಿ ನೋಂದಾಯಿಸಿಕೊಳ್ಳಬೇಕು, ಇಲ್ಲವೇ ಭಾರತದಲ್ಲಿ ಪರವಾನಗಿ ಇರುವ ನೇಮಕಾತಿ ಏಜೆಂಟರ ಮೂಲಕ ಹೋಗಬೇಕು. ಸಪ್ಲೈಯರ್ ಹುಡುಗ ಪಿಯುಸಿ ಮುಗಿಸಿದವನಾದ್ದರಿಂದ ತೊಂದರೆಯಿರಲಿಲ್ಲ. ಎಂಟನೆಯ ತರಗತಿಯ ಭಟ್ಟನಿಗೂ ಕೇಂದ್ರದವರು ಎಂಟ್ರಿ ಪರ್ಮಿಟ್ ಬಂದ ದಿನವೇ ವಿಮಾನದ ಟಿಕೆಟು ಮಾಡಿಸಿಬಿಟ್ಟರು. ಹೊರಡಲು ನಾಲ್ಕು ದಿನವಿದೆ ಎನ್ನುವಾಗ ಅವನ ಪಾಸ್‌ಪೋರ್ಟಿನ ಎರಡನೆಯ ಪುಟದಲ್ಲಿ ಇಸಿಆರ್ ಮುದ್ರೆಯಿರುವುದನ್ನು ಗಮನಿಸಿದವರು ಊರಿನಲ್ಲಿ ಅವನಿಗೆ ಬಟ್ಟೆಬರೆ ಕೊಳ್ಳಲು ಜೊತೆಗೆ ಹೋಗಿದ್ದ ಅವನ ಭಾವ, ಹಿಂದೆ ಕುವೈತಿನಲ್ಲಿ ಇದ್ದು ಬಂದವರು. ಟಿಕೆಟಿನ ಹಣ ಹೋಯಿತು. ಕೇಂದ್ರವು ಅದರಲ್ಲಿ ಅರ್ಧವನ್ನು ತನ್ನ ಸೇವಾ ಶುಲ್ಕದಲ್ಲಿ ಕಡಿತ ಮಾಡಿಕೊಂಡದ್ದು ನ್ಯಾಯವೆಂದೇ ಹೇಳುತ್ತೇನೆ.

ಆದರೆ ಅದರ ಹಿಂದೆಯೇ ಬಂದ ಸಲಹೆ ನ್ಯಾಯದ್ದಲ್ಲ. ವಿಸಿಟ್ ವೀಸಾದ ಮೇಲೆ ಕರೆಸಿಕೊಳ್ಳಿ, ಪ್ರವಾಸಿಗನಿಗೆ ವಲಸೆ ಅನುಮತಿ ಕೇಳುವುದಿಲ್ಲ, ಇಲ್ಲಿಗೆ ಬಂದ ಮೇಲೆ ಸ್ಟೇಟಸ್ ಬದಲಾಯಿಸಿ ಕೆಲಸದ ವೀಸಾ ಮಾಡಿಸೋಣ, ಅಷ್ಟರವರೆಗೆ ಅಡುಗೆಮನೆಯಲ್ಲಿ ಕೆಲಸ ಕಲಿಯುತ್ತಿರಲಿ ಎಂದರು. ಕರಾಮಾದಲ್ಲಿ ಈ ಮಾತನ್ನು ಕೇಳದ ಹೋಟೆಲಿನವರಿಲ್ಲ. ಪರ್ಮಿಟ್ ಇಲ್ಲದವನನ್ನು ಕೆಲಸಕ್ಕೆ ಹಚ್ಚಿದ ಮಾಲೀಕನಿಗೆ ಅದೇ ಕಾರ್ಮಿಕ ಕಾನೂನಿನ 2024ರ ತಿದ್ದುಪಡಿಯ ಪ್ರಕಾರ ಬೀಳುವ ದಂಡ 1 ಲಕ್ಷದಿಂದ 10 ಲಕ್ಷ ದಿರ್ಹಾಂ. ಅದಕ್ಕೆ ಮೊದಲು 50,000ದಿಂದ 2 ಲಕ್ಷದವರೆಗಿತ್ತು. ಕೇಂದ್ರಕ್ಕೆ ಅದರಲ್ಲಿ ಒಂದು ಪಾಲೂ ಬೀಳುವುದಿಲ್ಲ ಎಂಬುದನ್ನು ಮಾಲೀಕರು ಯೋಚಿಸಬೇಕು. ಕೆಲಸಗಾರನ ಕಡೆಯಿಂದ ನೋಡಿದರೆ ನಷ್ಟ ಬೇರೆ ಬಗೆಯದು. ಹಾಗೆ ಬಂದವನ ಕರಾರು ಭಾರತ ಸರ್ಕಾರದ ಯಾವ ದಾಖಲೆಯಲ್ಲೂ ಇರುವುದಿಲ್ಲ, ವಲಸೆ ಅನುಮತಿಯ ಜೊತೆಗೆ ಕಡ್ಡಾಯವಾಗಿ ಬರುವ ಪ್ರವಾಸಿ ಭಾರತೀಯ ಬಿಮಾ ಯೋಜನೆಯೂ ಇರುವುದಿಲ್ಲ. ಎರಡು ವರ್ಷಕ್ಕೆ 275 ರೂಪಾಯಿ ಕಂತಿನ ಆ ವಿಮೆ, ಅಪಘಾತದಲ್ಲಿ ಸಾವು ಅಥವಾ ಶಾಶ್ವತ ಅಂಗವೈಕಲ್ಯ ಉಂಟಾದರೆ 10 ಲಕ್ಷ ರೂಪಾಯಿಯದ್ದು. ಕುದಿಯುವ ಎಣ್ಣೆಯ ಪಕ್ಕದಲ್ಲಿ ನಿಲ್ಲುವವನಿಗೆ ಅದನ್ನು ತಪ್ಪಿಸುವ ಮನಸ್ಸು ನನಗಾಗಲಿಲ್ಲ.

ಕೊನೆಗೆ ಊರಿನ ಪರವಾನಗಿ ಇರುವ ಏಜೆಂಟರ ಮೂಲಕವೇ ಹೋದೆ. ಐದು ವಾರ ತಡವಾಯಿತು, ಅಷ್ಟು ದಿನ ಕಾವಲಿಯ ಮುಂದೆ ನಾನೇ ನಿಂತೆ. ಇಲ್ಲೊಂದು ಗಮನಿಸಬೇಕಾದ ಗೋಜಲಿದೆ. ಭಾರತದ ನಿಯಮದಂತೆ ಏಜೆಂಟರು ಕೆಲಸಗಾರನಿಂದ 30,000 ರೂಪಾಯಿ ಮತ್ತು ಜಿಎಸ್‌ಟಿಯವರೆಗೆ ರಸೀದಿ ಕೊಟ್ಟು ಪಡೆಯಬಹುದು. ಯುಎಇ ನಿಯಮದಂತೆ ನೇಮಕಾತಿಯ ವೆಚ್ಚ ಕೆಲಸಗಾರನ ಮೇಲೆ ಬೀಳಲೇಬಾರದು. ಎರಡನ್ನೂ ಪಾಲಿಸಬೇಕೆಂದರೆ ಇರುವುದು ಒಂದೇ ದಾರಿ, ಮಾಲೀಕನೇ ಏಜೆಂಟರಿಗೆ ಕಟ್ಟುವುದು. ನಾನು ಕಟ್ಟಿದೆ, ರಸೀದಿಯನ್ನು ನನ್ನ ಹೆಸರಿಗೇ ಬರೆಸಿಕೊಂಡೆ. ಕೇಂದ್ರದವರಿಗೆ ಇದನ್ನು ಹೇಳಿದಾಗ ಅವರು ನನ್ನನ್ನು ನೋಡಿದ ನೋಟದಲ್ಲಿ ಮರುಕವಿತ್ತು.

ಭಟ್ಟ ಬಂದಿಳಿದ ಮೇಲಿನ ಕೆಲಸಗಳು ಮತ್ತೆ ಚುರುಕಾಗಿಯೇ ನಡೆದವು. ವೈದ್ಯಕೀಯ ಪರೀಕ್ಷೆ, ಎಮಿರೇಟ್ಸ್ ಐಡಿಗೆ ಬೆರಳಚ್ಚು, ದುಬೈನಲ್ಲಿ ಮಾಲೀಕನೇ ಕೊಡಬೇಕಾದ ಆರೋಗ್ಯ ವಿಮೆ, ಎಲ್ಲವೂ ಗಡುವಿಗೆ ಮೊದಲೇ ಮುಗಿದವು. ಕೊನೆಯ ದಿನ ಹುಡುಗನೊಬ್ಬ ಕಂದು ಲಕೋಟೆಯೊಂದನ್ನು ನನ್ನ ಕೈಗಿತ್ತು ಲಾಕರಿನಲ್ಲಿಡಿ ಎಂದ. ತೆರೆದರೆ ಮೂವರ ಪಾಸ್‌ಪೋರ್ಟುಗಳು. ಯಾಕಿವು ನಿಮ್ಮಲ್ಲಿದ್ದವು ಎಂದು ಕೇಳಿದ್ದಕ್ಕೆ ಸ್ಟ್ಯಾಂಪಿಂಗಿಗೆ ಎಂದ. 2022ರ ಏಪ್ರಿಲ್‌ನಿಂದ ಪಾಸ್‌ಪೋರ್ಟಿನಲ್ಲಿ ವೀಸಾದ ಚೀಟಿ ಅಂಟಿಸುವುದೇ ನಿಂತಿದೆ, ಎಮಿರೇಟ್ಸ್ ಐಡಿಯೇ ವಾಸದ ದಾಖಲೆ. ಅಂಟಿಸುವುದು ಹೋದರೂ ಸ್ಟ್ಯಾಂಪಿಂಗ್ ಎಂಬ ಮಾತು ಉಳಿದುಕೊಂಡಿದೆ, ಆ ಮಾತಿನ ನೆಪದಲ್ಲಿ ಪಾಸ್‌ಪೋರ್ಟು ತೆಗೆದಿಟ್ಟುಕೊಳ್ಳುವ ರೂಢಿಯೂ ಉಳಿದುಕೊಂಡಿದೆ. ಕೆಲಸಗಾರನ ದಾಖಲೆಗಳನ್ನು ಮಾಲೀಕ ತಡೆಹಿಡಿಯುವಂತಿಲ್ಲ ಎಂಬುದು ಅದೇ ಕಾರ್ಮಿಕ ಕಾನೂನಿನ 13ನೇ ವಿಧಿ. ಲಕೋಟೆಯನ್ನು ಅಂಗಡಿಗೆ ತಂದು ಮೂವರಿಗೂ ಅವರವರದನ್ನು ಕೊಟ್ಟೆ. ನೇಪಾಳದ ಹುಡುಗ ತನ್ನದನ್ನು ಎರಡೂ ಕೈಯಲ್ಲಿ ತೆಗೆದುಕೊಂಡು, ಹಿಂದಿನ ಕಂಪನಿಯಲ್ಲಿ ಮೂರು ವರ್ಷ ಇದನ್ನು ನೋಡಿಯೇ ಇರಲಿಲ್ಲ ಎಂದ.

ಬಿಲ್ಲಿನ ಬಗ್ಗೆ ಎರಡು ಮಾತು. ವರ್ಕ್ ಪರ್ಮಿಟ್ಟಿನ ಶುಲ್ಕ ಎಲ್ಲ ಕಂಪನಿಗಳಿಗೂ ಒಂದೇ ಅಲ್ಲ. ಸಚಿವಾಲಯ ಕಂಪನಿಗೆ ಕೊಟ್ಟಿರುವ ದರ್ಜೆಯನ್ನು ಅವಲಂಬಿಸಿ 250ರಿಂದ 3,450 ದಿರ್ಹಾಂವರೆಗೆ ಏರುತ್ತದೆ. ಆದ್ದರಿಂದ ಪಕ್ಕದ ಅಂಗಡಿಯವನಿಗೆ ಎಷ್ಟಾಯಿತು ಎಂಬ ಹೋಲಿಕೆಯಿಂದ ಪ್ರಯೋಜನವಿಲ್ಲ. ಸರ್ಕಾರಿ ಶುಲ್ಕದ ಮೂಲ ರಸೀದಿಗಳನ್ನೇ ಕೇಳಿ ಪಡೆಯಬೇಕು. ಈ ಕೇಂದ್ರ ಕೇಳಿದ ತಕ್ಷಣ ಕೊಟ್ಟಿತು, ಕೇಳುವವರೆಗೆ ಕೊಡಲಿಲ್ಲ. ಇತರೆ ಎಂಬ ತಲೆಬರಹದಡಿ ತಲಾ 150 ದಿರ್ಹಾಂ ಇತ್ತು. ಯಾವುದಕ್ಕೆಂದು ಕೇಳಿದಾಗ ಅದನ್ನು ತಾವೇ ತೆಗೆದುಹಾಕಿದರು. ಮಧ್ಯಾಹ್ನ ಮೂರರ ಮೇಲೆ ಹೋದರೆ ಜನ ಕಡಿಮೆ, ಕಾರು ನಿಲ್ಲಿಸಲು ಮಾತ್ರ ಯಾವಾಗ ಹೋದರೂ ಪರದಾಟ.

ಅಂಕ ಕೊಡಬೇಕೆಂದರೆ ಅರ್ಜಿಯ ಕೆಲಸಕ್ಕೆ ಐದರಲ್ಲಿ ನಾಲ್ಕೂವರೆ, ಸಲಹೆಗೆ ಒಂದು. ಮುಂದಿನ ತಿಂಗಳು ಬೈಂದೂರಿನಿಂದ ಇನ್ನೊಬ್ಬನನ್ನು ಕರೆಸಬೇಕಾಗಿದ್ದು, ಟೈಪಿಂಗಿಗೆ ಅವರ ಬಳಿಯೇ ಹೋಗುತ್ತೇನೆ. ಮೂಲ ವೇತನ ಮತ್ತು ಭತ್ಯೆಯನ್ನು ಬೇರೆ ಬೇರೆಯಾಗಿ ಬರೆದ ಚೀಟಿ ನನ್ನ ಕೈಯಲ್ಲಿರುತ್ತದೆ, ಟಿಕೆಟನ್ನು ನಾನೇ ಮಾಡಿಸುತ್ತೇನೆ, ಪಾಸ್‌ಪೋರ್ಟಿನ ನಕಲನ್ನಷ್ಟೇ ಕೊಡುತ್ತೇನೆ. ನಾನು ಬರೆದ ಕನ್ನಡದ ಎರಡು ಪುಟಗಳ ಸುದ್ದಿ ಕೇಂದ್ರದವರಿಗೂ ತಲುಪಿ, ಕನ್ನಡದ ಗಿರಾಕಿಗಳಿಗೆ ಕೊಡಲು ಒಂದು ಪ್ರತಿ ಬೇಕೆಂದು ಕೇಳಿದ್ದರು, ಸಂತೋಷದಿಂದ ಕೊಟ್ಟಿದ್ದೆ. ಮೊನ್ನೆ ಅವರ ಮ್ಯಾನೇಜರ್ ಫೋನ್ ಮಾಡಿ, ಪ್ರತಿ ತುಂಬ ಉಪಯೋಗಕ್ಕೆ ಬರುತ್ತಿದೆ, ಖರ್ಚಿನ ಬಗ್ಗೆ ಇರುವ ಕೊನೆಯ ಸಾಲೊಂದನ್ನು ತೆಗೆದು ಅಚ್ಚು ಹಾಕಿಸಬಹುದೇ ಎಂದು ವಿಚಾರಿಸಿದರು. ಆಗುವುದಿಲ್ಲ ಎಂದಿದ್ದೇನೆ.